ಮಂಡಿ ಬದಲಾವಣೆಯ ರೋಬೋಟ್: ಕೊಯ್ತ ಮತ್ತು ಕೋನ

ಮಂಡಿ ಬದಲಾವಣೆ ಶಸ್ತ್ರಚಿಕಿತ್ಸೆಯಲ್ಲಿ ಇಡೀ ಮಂಡಿಯನ್ನು ಕಿತ್ತು ತೆಗೆಯುವುದಿಲ್ಲ. ತೊಡೆಮೂಳೆಯ ಕೆಳತುದಿಯಿಂದಲೂ ಕೆಳಗಾಲಿನ ಟಿಬಿಯಾ ಮೂಳೆಯ ಮೇಲ್ತುದಿಯಿಂದಲೂ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್ ದಪ್ಪದ ಪದರವನ್ನು ಗರಗಸದಿಂದ ಕೊಯ್ದು, ಆ ಜಾಗದಲ್ಲಿ ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಪಾಲಿಎಥಿಲೀನ್ ಬಿಲ್ಲೆ. ಟಿಬಿಯಾಕ್ಕೆ ಒಂದೇ ಕೊಯ್ತ ಸಾಕು. ತೊಡೆಮೂಳೆಯ ತುದಿ ದುಂಡಗಿರುವುದರಿಂದ ಅದಕ್ಕೆ ಐದು: ತುದಿಗೆ, ಮುಂದಕ್ಕೆ, ಹಿಂದಕ್ಕೆ ಒಂದೊಂದು, ಮೂಲೆಗಳನ್ನು ಓರೆಯಾಗಿ ಸವರಲು ಎರಡು.

ಕೊಯ್ತದ ಲೆಕ್ಕ ಶುರುವಾಗುವುದು ಒಂದು ಗೆರೆಯಿಂದ. ನೆಟ್ಟಗಿನ ಕಾಲಿನಲ್ಲಿ ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಎಳೆದ ಗೆರೆ ಮಂಡಿಯ ಮಧ್ಯದ ಹತ್ತಿರ ಹಾಯುತ್ತದೆ. ತೊಡೆಮೂಳೆ ಮಾತ್ರ ಆ ಗೆರೆಗೆ 5ರಿಂದ 7 ಡಿಗ್ರಿ ಓರೆ. ಮೂಳೆಯೊಳಗೆ ಸರಳು ತೂರಿಸಿ, ಈ ಓರೆಯನ್ನು ಕಳೆದು, ಕೊಯ್ಯುವ ಅಚ್ಚನ್ನು ಬಿಗಿಯುವುದು ಹಳೆಯ ಪದ್ಧತಿ. ತೊಡೆಮೂಳೆಯೇ ಬಾಗಿದ್ದರೆ ಆ ಲೆಕ್ಕ ಕೈಕೊಡುತ್ತದೆ.

ರೋಬೋಟಿಗೆ ಸರಳು ಬೇಡ. ಎರಡೂ ಮೂಳೆಗಳಿಗೆ ಪಿನ್ನು ಚುಚ್ಚಿ ಗುರುತುಗಳನ್ನು ನಿಲ್ಲಿಸುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾ ಅವನ್ನು ನೋಡುತ್ತಲೇ ಇರುತ್ತದೆ. ಕಾಲನ್ನು ವೃತ್ತಾಕಾರವಾಗಿ ತಿರುಗಿಸಿದರೆ ಸೊಂಟದ ಕೀಲಿನ ಕೇಂದ್ರ ಲೆಕ್ಕಕ್ಕೆ ಸಿಗುತ್ತದೆ. ಮೇಕೊ ಯಂತ್ರ ಮೊದಲೇ ತೆಗೆದ ಸಿಟಿ ಸ್ಕ್ಯಾನನ್ನು ನಕ್ಷೆಯಾಗಿಟ್ಟುಕೊಂಡು ಗರಗಸವನ್ನೇ ಹಿಡಿಯುತ್ತದೆ. ಗುರುತಿಸಿದ ಎಲ್ಲೆ ಮೀರಲು ಬಿಡುವುದಿಲ್ಲ. ರೋಸಾ ಎಂಬ ಇನ್ನೊಂದು ಯಂತ್ರ ಅಚ್ಚನ್ನಷ್ಟೇ ಹಿಡಿದುಕೊಳ್ಳುತ್ತದೆ, ಕೊಯ್ಯುವುದು ವೈದ್ಯರ ಕೈ. ಮಂಡಿಯನ್ನು ಚಾಚಿದಾಗಲೂ ಮಡಿಸಿದಾಗಲೂ ಮೂಳೆಗಳ ನಡುವಿನ ಸಂದು ಎಷ್ಟೆಂದು ಕೊಯ್ಯುವ ಮೊದಲೇ ಪರದೆಯ ಮೇಲೆ ಕಾಣುವುದು ಇವುಗಳ ನಿಜವಾದ ಅನುಕೂಲ.

ಆದರೆ ಯಾವ ಕೋನದಲ್ಲಿ ಕೊಯ್ಯಬೇಕೆಂಬುದು ಯಂತ್ರದ ತೀರ್ಮಾನವಲ್ಲ. ರೂಢಿಯ ಯಾಂತ್ರಿಕ ಜೋಡಣೆಯಲ್ಲಿ ಟಿಬಿಯಾವನ್ನು ಅದರ ಅಕ್ಷಕ್ಕೆ 90 ಡಿಗ್ರಿಗೆ ಕೊಯ್ಯುತ್ತಾರೆ. ಒಟ್ಟು ಕಾಲು ನೇರಗೆರೆಯಿಂದ 3 ಡಿಗ್ರಿಯೊಳಗೆ ನಿಲ್ಲಬೇಕು. ಹುಟ್ಟಿನಿಂದ ಬಂದ ಟಿಬಿಯಾದ ಮೇಲ್ಮೈಯಾದರೋ ಸರಾಸರಿ 3 ಡಿಗ್ರಿಯಷ್ಟು ಒಳಬದಿಗೆ ಇಳಿದಿರುತ್ತದೆ. ಬೆಲ್ಜಿಯಂನ ಬೆಲ್ಲೆಮನ್ಸ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಕರಲ್ಲಿ 32%, ಯುವತಿಯರಲ್ಲಿ 17% ಮಂದಿಯ ಕಾಲುಗಳು ಸಹಜವಾಗಿಯೇ 3 ಡಿಗ್ರಿ ಅಥವಾ ಹೆಚ್ಚು ಬಿಲ್ಲಿನಂತೆ ಹೊರಬಾಗಿದ್ದವು. ಇಂಥ ಕಾಲನ್ನು ನೇರ ಮಾಡಲು ಹೊರಟರೆ ಒಳಬದಿಯ ಕಟ್ಟುನಾರುಗಳನ್ನು ಸಡಿಲಿಸಬೇಕಾಗುತ್ತದೆ. ಅದರ ಬದಲು ರೋಗಿಯ ಮೂಲ ಓರೆಯನ್ನೇ ಉಳಿಸುವುದು ಕೈನೆಮ್ಯಾಟಿಕ್ ಜೋಡಣೆ. ಇವೆರಡರ ಜಗಳ ಇನ್ನೂ ಮುಗಿದಿಲ್ಲ.

ಆಂಧ್ರಪ್ರದೇಶದ ಆಸ್ಪರಿ, ಆದೋನಿ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿಯ ಸಾಲು, ಶೇಂಗಾದ ಮಡಿಗಳ ಕಳೆಯನ್ನು ಹೆಂಗಸರು ಕುಕ್ಕರಗಾಲಲ್ಲಿ ಕೂತೇ ತೆಗೆಯುತ್ತಾರೆ. ಹೀಗೆ ಕೂತು ದುಡಿಯುವುದು ಮಂಡಿ ಸವೆತದ ಅಪಾಯವನ್ನು ಹೆಚ್ಚಿಸುತ್ತದೆ. ಮಂಡಿಯ ಒಳಬದಿ ಸವೆದು ಬಿಲ್ಲಾದ ಕಾಲು ಭಾರತದಲ್ಲಿ ಸಾಮಾನ್ಯ. ರೋಬೋಟ್ ಅಳೆಯುವುದು ಇವತ್ತಿನ ಒಟ್ಟು ಬಾಗನ್ನು. ಅದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಸವೆತದ ಪಾಲೆಷ್ಟು ಎಂಬುದನ್ನು ವೈದ್ಯರೇ ಪೂರ್ಣಕಾಲಿನ ಎಕ್ಸ್‌ರೇಯಿಂದ ಲೆಕ್ಕ ಹಾಕಬೇಕು. ಆ ಲೆಕ್ಕ ತಪ್ಪಿದರೆ ರೋಬೋಟ್ ತಪ್ಪನ್ನೇ ಅಚ್ಚುಕಟ್ಟಾಗಿ ಕೊಯ್ಯುತ್ತದೆ.

ರೋಬೋಟಿನಿಂದ ಎಕ್ಸ್‌ರೇಯಲ್ಲಿ ಕೋನ ತಪ್ಪುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ನೋವು ಕಡಿಮೆಯಾಗಿ ಕೀಲು ಹೆಚ್ಚು ವರ್ಷ ಬಾಳುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ. ಖರ್ಚಿನ ವಿಷಯದಲ್ಲೂ ಎಚ್ಚರ ಬೇಕು. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ₹54,720 ಗರಿಷ್ಠ ಬೆಲೆ ನಿಗದಿ ಮಾಡಿತು. ಆ ಮಿತಿ ಕೂರಿಸುವ ಕೀಲಿನದು, ರೋಬೋಟಿನ ಶುಲ್ಕದ್ದಲ್ಲ.