ಲಾದಿ ಪಾವಿನಲ್ಲಿ ಬಿಸಿ ಹ್ಯಾಮ್-ಚೀಸ್ ಸ್ಯಾಂಡ್‌ವಿಚ್
ಹೋಟೆಲು ಬಂಧುಗಳು ಕಲಿಯಬೇಕಾದ ಓವನ್ನಿನ ಕಸುಬು

ದೋಸೆ ಹುಯ್ಯುವವನಿಗೆ ಕಾವಲಿಯ ಮುಂದಿನಿಂದ ಅತ್ತಿತ್ತ ಸರಿಯಲು ಬರುವಂತಿಲ್ಲ. ಗಿರಾಕಿಗಳ ಸಂಖ್ಯೆ ಹೆಚ್ಚಿದಷ್ಟೂ ಅವನ ಕೈಯ ವೇಗ ಹೆಚ್ಚಬೇಕು. ಓವನ್ನಿನ ಕೆಲಸದ ರೀತಿಯೇ ಬೇರೆ. ಅಲ್ಲಿ ಮೊದಲು ಎಲ್ಲವನ್ನೂ ಅಣಿಮಾಡಿ, ತಟ್ಟೆಯನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ಗಡಿಯಾರವನ್ನು ನೋಡತಕ್ಕದ್ದು. ಹನ್ನೆರಡು ಮಂದಿಯ ತಿಂಡಿ ಏಕಕಾಲದಲ್ಲಿ ಹೊರಬರುತ್ತದೆ. ಅಷ್ಟರಲ್ಲಿ ಮಾಡುವವನ ಕೈ ಬೇರೆ ಕೆಲಸಕ್ಕೆ ಬಿಡುವಾಗಿರುತ್ತದೆ. ಈ ಕಸುಬಿಗೆ ಒಳ್ಳೆಯ ಉದಾಹರಣೆಯೆಂದರೆ ಬಿಸಿ ಹ್ಯಾಮ್-ಚೀಸ್ ಸ್ಯಾಂಡ್‌ವಿಚ್. ಹ್ಯಾಮ್ ಎಂದರೆ ಉಪ್ಪು ಹಾಕಿ ಹದಮಾಡಿದ ಹಂದಿಯ ತೊಡೆಯ ಮಾಂಸ. ಅದನ್ನು ಮುಟ್ಟದ ವಾಚಕರೂ ಈ ಲೇಖನವನ್ನು ಓದಬಹುದು. ಕಲಿಯತಕ್ಕದ್ದು ಓವನ್ನಿನ ವಿದ್ಯೆ, ಒಳಗೇನು ತುಂಬಬೇಕೆಂಬುದು ಅವರವರ ಇಷ್ಟ.

ಊರಿಗೆ ಬಂದ ದಾರಿ

ಸ್ಯಾಂಡ್‌ವಿಚ್ ಎಂಬ ಹೆಸರು ಇಂಗ್ಲೆಂಡಿನದು. ಲಂಡನ್ನಿನಲ್ಲಿ 1762ರಲ್ಲಿ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ ಈ ತಿಂಡಿಯ ಹೆಸರನ್ನು ಬರೆದಿಟ್ಟಿದ್ದಾನೆ. ಹ್ಯಾಮ್ ಮತ್ತು ಚೀಸ್ ಇಟ್ಟು ಬಿಸಿಯಾಗಿ ಕೊಡುವ ಪದ್ಧತಿ 1910ರ ಸುಮಾರಿಗೆ ಪ್ಯಾರಿಸ್ಸಿನ ಉಪಾಹಾರಗೃಹಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದಕ್ಕೆ ಕ್ರೋಕ್ ಮೊಸ್ಯೂ ಎಂದು ಹೆಸರು.

ಪುಣೆಗೆ ರೊಟ್ಟಿಯ ಭಟ್ಟಿ ಹೊಸದಲ್ಲ. 1817ರ ಖಡಕಿಯ ಯುದ್ಧದ ಅನಂತರ ಇಲ್ಲಿ ಇಂಗ್ಲಿಷರ ದಂಡು ನೆಲೆಸಿತು. ದಂಡಿನೊಡನೆ ಕ್ಯಾಂಪು ಬೆಳೆಯಿತು. ಮುಂದೆ ಇರಾನಿಗಳು ತಮ್ಮ ಕೆಫೆಗಳನ್ನೂ ಬೇಕರಿಗಳನ್ನೂ ತೆರೆದರು. ಡೆಕ್ಕನ್ನಿನ ಕೆಫೆ ಗುಡ್‌ಲಕ್ 1935ರದು. ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿ 1955ರದು. ಮಹಾತ್ಮಾ ಗಾಂಧಿ ರಸ್ತೆಯ ಮಾರ್ಝ್-ಒ-ರಿನ್ ಸ್ಯಾಂಡ್‌ವಿಚ್ಚಿಗೆ ಹೆಸರಾಗಿದೆ. ಇನ್ನು ಮನೆಮಾತಾದ ಪಾವ್ ಎಂಬ ಶಬ್ದ ಪೋರ್ಚುಗೀಸರಿಂದ ಬಂದುದು.

ಓವನ್ನು ಪರರದು, ನಮಗೆ ಒಗ್ಗುವಂಥದಲ್ಲ ಎಂದು ಭಾವಿಸಬೇಕಾದುದಿಲ್ಲ. ಹಾಸನದ ಕಡೆಯ ಅಯ್ಯಂಗಾರರು 1898ರಲ್ಲಿಯೇ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಇಂದು ಅಯ್ಯಂಗಾರ್ ಬೇಕರಿಯ ಫಲಕ ಪುಣೆಯ ಬೀದಿಗಳಲ್ಲಿಯೂ ಉಂಟು. ಹಂದಿಯ ಮಾಂಸವೂ ಕನ್ನಡ ನಾಡಿಗೆ ಅಪರಿಚಿತವಲ್ಲ. ಕಾಚಂಪುಳಿ ಹಾಕಿದ ಪಂದಿ ಕರಿಯಿಲ್ಲದೆ ಕೊಡವರ ಹಬ್ಬವಿಲ್ಲ. ಮಂಗಳೂರಿನ ಕ್ರೈಸ್ತ ಬಂಧುಗಳ ಹಬ್ಬದೂಟದಲ್ಲಿಯೂ ಅದಕ್ಕೆ ಸ್ಥಾನವುಂಟು. ನೆರೆಯವರ ರುಚಿಯನ್ನು ಕಲಿತು ಏಳಿಗೆ ಹೊಂದಿದವರು ನಮ್ಮಲ್ಲಿ ಇಲ್ಲದಿಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ರೂಪಾಲಿ, ವೈಶಾಲಿಗಳನ್ನು ಕಟ್ಟಿ 2023ರಲ್ಲಿ ದಿವಂಗತರಾದ ಜಗನ್ನಾಥ ಶೆಟ್ಟರ ಹೋಟೆಲಿಗೆ ಜನರು ದೋಸೆಗೆಂದು ಬರುವಷ್ಟೇ ಉತ್ಸಾಹದಿಂದ ಸೇವ್, ಬಟಾಟೆ, ದಹಿ, ಪುರಿಯ ತಿಂಡಿಗೆಂದೂ ಬರುತ್ತಾರೆ.

ಸಾಮಾನು ಮತ್ತು ಅಳತೆ

ಹನ್ನೆರಡು ಸ್ಯಾಂಡ್‌ವಿಚ್ಚಿಗೆ ಬೇಕಾದುದು ಇಷ್ಟು: ಒಂದಕ್ಕೊಂದು ಅಂಟಿಕೊಂಡಿರುವ ಹನ್ನೆರಡು ಪಾವಿನ ಲಾದಿ, ತೆಳ್ಳಗೆ ಕೊಯ್ದ ಹ್ಯಾಮ್ 250 ಗ್ರಾಮು, ತಲಾ 20 ಗ್ರಾಮಿನ ಚೀಸ್ ಹಾಳೆ ಹನ್ನೆರಡು, ಬೆಣ್ಣೆ 100 ಗ್ರಾಮು, ಮಸ್ಟರ್ಡ್ ಎಂದು ಶೀಶೆಯಲ್ಲಿ ದೊರೆಯುವ ಸಾಸಿವೆಯ ಗೊಜ್ಜು ಎರಡು ಚಮಚ, ಸಣ್ಣಗೆ ಹೆಚ್ಚಿದ ಒಂದು ಚಿಕ್ಕ ಈರುಳ್ಳಿ, ಗಸಗಸೆ ಒಂದು ಚಮಚ. ಉಪ್ಪನ್ನು ಬೇರೆಯಾಗಿ ಹಾಕಕೂಡದು. ಹ್ಯಾಮ್, ಚೀಸ್, ಬೆಣ್ಣೆ ಮೂರರಲ್ಲಿಯೂ ಅದು ಇದ್ದೇ ಇದೆ. ಪಾವ್ ಅಂದಿನದೇ ಆಗಿರಲಿ. ಆದರೆ ಭಟ್ಟಿಯಿಂದ ಆಗತಾನೆ ಇಳಿಸಿದ ಬಿಸಿ ಪಾವು ಬೇಡ. ಅದು ಕತ್ತಿಗೆ ಸಿಕ್ಕಿ ಮುದ್ದೆಯಾಗುತ್ತದೆ.

ಮಾಡುವ ಕ್ರಮ

ಮೊದಲು ಓವನ್ನನ್ನು 175 ಡಿಗ್ರಿ ಸೆಂಟಿಗ್ರೇಡಿಗೆ ಹಚ್ಚಿ ಹದಿನೈದು ನಿಮಿಷ ಖಾಲಿಯಾಗಿ ಕಾಯಲು ಬಿಡಬೇಕು. ಕಾಯದ ಓವನ್ನಿನಲ್ಲಿಟ್ಟ ಪಾವು ಒಣಗುವುದೇ ಹೊರತು ಹದವಾಗಿ ಬಿಸಿಯಾಗುವುದಿಲ್ಲ.

ಲಾದಿಯನ್ನು ಬಿಡಿಬಿಡಿಯಾಗಿ ಮುರಿಯಕೂಡದು. ಇದೇ ಇಲ್ಲಿನ ಮುಖ್ಯ ಯುಕ್ತಿ. ಹಲ್ಲುಳ್ಳ ಉದ್ದ ಚೂರಿಯಿಂದ ಇಡಿಯ ಲಾದಿಯನ್ನು ಅಡ್ಡಲಾಗಿ ಕೊಯ್ದು, ಮೇಲಿನ ಪದರವನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಿಡಬೇಕು. ಹನ್ನೆರಡು ಪಾವಿಗೆ ಹನ್ನೆರಡು ಸಲ ಚೂರಿಯಾಡಿಸುವ ಶ್ರಮ ಇಲ್ಲಿ ತಪ್ಪುತ್ತದೆ. ಕೆಳಗಿನ ಪದರಕ್ಕೆ ಬೆಣ್ಣೆಯ ಅರ್ಧವನ್ನು ಅಂಚಿನವರೆಗೂ ಸವರಿ, ಅದರ ಮೇಲೆ ಹ್ಯಾಮ್, ಹ್ಯಾಮಿನ ಮೇಲೆ ಚೀಸ್ ಹಾಸಿ, ಮುಚ್ಚಳವನ್ನು ಮುಚ್ಚಬೇಕು. ಉಳಿದ ಬೆಣ್ಣೆಯನ್ನು ಕರಗಿಸಿ, ಅದಕ್ಕೆ ಸಾಸಿವೆಯ ಗೊಜ್ಜು, ಈರುಳ್ಳಿ, ಗಸಗಸೆ ಬೆರೆಸಿ, ಕುಂಚದಿಂದ ಮೇಲೆಲ್ಲ ಹಚ್ಚಬೇಕು.

ಆಮೇಲೆ ತಟ್ಟೆಯನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಓವನ್ನಿನಲ್ಲಿ ಹದಿನೈದು ನಿಮಿಷ ಇಡುವುದು. ಅನಂತರ ಹಾಳೆಯನ್ನು ತೆಗೆದು ಮತ್ತೆ ಐದು ನಿಮಿಷ. ಮೇಲ್ಮೈ ಹೊಂಬಣ್ಣಕ್ಕೆ ತಿರುಗಿ, ಚೀಸ್ ಅಂಚಿನಲ್ಲಿ ಇಣುಕುವಾಗ ತೆಗೆಯತಕ್ಕದ್ದು. ಎರಡು ನಿಮಿಷ ಆರಲು ಬಿಟ್ಟು, ಪಾವಿನ ಗೆರೆಗಳ ಮೇಲೆ ಚೂರಿಯೂರಿ ಬೇರ್ಪಡಿಸಿದರೆ ಚೀಸ್ ಎಳೆಎಳೆಯಾಗಿ ಹರಿದುಹೋಗದು.

ಹೀಗೇಕೆ?

ಕಾರಣವನ್ನು ತಿಳಿದು ಮಾಡುವವನು ಹೊಸ ಓವನ್ನಿನ ಮುಂದೆಯೂ ತಬ್ಬಿಬ್ಬಾಗುವುದಿಲ್ಲ. ಹಾಳೆ ಮುಚ್ಚಿದಾಗ ಪಾವಿನೊಳಗಿನ ನೀರು ಆವಿಯಾಗಿ ಅಲ್ಲಿಯೇ ನಿಲ್ಲುತ್ತದೆ. ಆ ಆವಿಯೇ ನಡುವಿನವರೆಗೂ ಬಿಸಿ ಮುಟ್ಟಿಸಿ ಚೀಸನ್ನು ಕರಗಿಸುತ್ತದೆ. ನಮ್ಮ ಇಡ್ಲಿಯ ಅಟ್ಟದಲ್ಲಿ ನಡೆಯುವುದೂ ಇದೇ. ಆದರೆ ಆವಿಯಿರುವಲ್ಲಿ ಗರಿ ಬರುವುದಿಲ್ಲ. ಹಾಳೆ ತೆಗೆದಾಗ ಮೇಲ್ಮೈ ಒಣಗಿ, ಅಲ್ಲಿನ ಕಾವು ನೀರು ಕುದಿಯುವ ಮಟ್ಟವನ್ನು ಬಹಳವಾಗಿ ಮೀರಿದ ಮೇಲೆಯೇ ಕೆಂಪೇರುತ್ತದೆ. ಹೀಗೆ ಕೆಂಪೇರುವ ಕ್ರಿಯೆಯನ್ನು ಫ್ರಾನ್ಸಿನ ಮಾಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದನು. ದೋಸೆಯ ಬಣ್ಣಕ್ಕೂ ಮುಖ್ಯವಾಗಿ ಅದೇ ಕಾರಣ.

ಬೆಣ್ಣೆ ಕೇವಲ ರುಚಿಗಾಗಿ ಅಲ್ಲ. ಒಳಗಿನ ತೇವ ಪಾವಿಗೆ ಇಳಿಯದಂತೆ ತಡೆಯುವ ಲೇಪವದು. ಚೀಸಿನಲ್ಲಿಯೂ ಭೇದವುಂಟು. ಹಳಸಿ ಹದಗೊಳಿಸಿದ ಗಟ್ಟಿ ಚೀಸ್ ಕಾವು ಮೀರಿದರೆ ಎಣ್ಣೆ ಬಿಡುತ್ತದೆ. ಪೇಟೆಯ ಹಾಳೆ ಚೀಸ್ ಹಾಗಲ್ಲ; ಜಿಡ್ಡು ಮತ್ತು ನೀರನ್ನು ಹಿಡಿದಿಡುವ ಲವಣ ಬೆರೆಸಿ ಅದನ್ನು ತಯಾರಿಸುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 1911ರಲ್ಲಿ ಕಂಡುಹಿಡಿದ ಉಪಾಯವಿದು. ಹೊಸಬರು ಇದರಿಂದಲೇ ಆರಂಭಿಸುವುದು ಲೇಸು.

ಸಸ್ಯಾಹಾರಿಗಳಿಗೆ

ಹ್ಯಾಮಿನ ಬದಲು ಬೇಯಿಸಿ ಬಿಲ್ಲೆ ಮಾಡಿದ ಬಟಾಟೆ, ಕಾವಲಿಯಲ್ಲಿ ಬಾಡಿಸಿದ ದೊಣ್ಣೆಮೆಣಸಿನಕಾಯಿ ಅಥವಾ ಅಣಬೆಯನ್ನು ಇಡಬಹುದು. ಕೊತ್ತಂಬರಿ ಚಟ್ನಿಯನ್ನು ಬೆಣ್ಣೆಯ ಮೇಲೆ ಸವರಬೇಕು, ಪಾವಿನ ಮೇಲಲ್ಲ. ಹಸಿ ಟೊಮೆಟೊ ನೀರು ಬಿಡುವುದರಿಂದ ಬೀಜ ತೆಗೆದು, ಬಟ್ಟೆಯಲ್ಲಿ ಒತ್ತಿ ಬಳಸುವುದು ಒಳಿತು. ಚೀಸನ್ನು ಹೆಪ್ಪುಗಟ್ಟಿಸಲು ಹಿಂದೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನು ಬಳಸುತ್ತಿದ್ದರು, ಕೆಲವು ದೇಶಗಳಲ್ಲಿ ಇಂದಿಗೂ ಬಳಸುತ್ತಾರೆ. ಆದುದರಿಂದ ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿಯೇ ಕೊಳ್ಳಬೇಕು.

ಗಿರಾಕಿಯ ನಂಬಿಕೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹ್ಯಾಮ್ ಇಟ್ಟ ತಟ್ಟೆಯ ಪಕ್ಕದಲ್ಲಿ ಬಟಾಟೆಯ ತಟ್ಟೆಯನ್ನಿಟ್ಟು, ಎರಡನ್ನೂ ಒಂದೇ ಚೂರಿಯಿಂದ ಕೊಯ್ದರೆ ಕಣ್ಣಿಗೆ ಯಾವ ವ್ಯತ್ಯಾಸವೂ ತೋರದು. ಗಿರಾಕಿಗೆ ತಿಳಿಯುವುದೂ ಇಲ್ಲ. ತಿಳಿಯದಿರುವುದರಿಂದಲೇ ಅದು ದೊಡ್ಡ ಅಪರಾಧ. ಹಂದಿಮಾಂಸವನ್ನು ಮುಟ್ಟಬಾರದೆಂಬ ಮುಸಲ್ಮಾನನೂ, ಮಾಂಸವನ್ನೇ ಮುಟ್ಟದ ಜೈನನೂ ತನ್ನ ಧರ್ಮವನ್ನು ನಮ್ಮ ಅಡಿಗೆಮನೆಯ ಕೈಗೆ ಒಪ್ಪಿಸಿ ಕುಳಿತಿರುತ್ತಾನೆ. ಆದುದರಿಂದ ತಟ್ಟೆ, ಚೂರಿ, ಕುಂಚ, ಹಲಗೆ ಪ್ರತ್ಯೇಕವಾಗಿರಲಿ. ಸಾಧ್ಯವಿದ್ದರೆ ಓವನ್ನೂ ಪ್ರತ್ಯೇಕವಿರಲಿ. ಒಂದೇ ಓವನ್ನಿರುವಲ್ಲಿ ಸಂಗತಿಯನ್ನು ಗಿರಾಕಿಗೆ ಬಾಯಿಬಿಟ್ಟು ಹೇಳಬೇಕು. ಶುದ್ಧ ಶಾಕಾಹಾರಿ ಎಂದು ಫಲಕ ಹಾಕಿದ ಉಡುಪಿ ಹೋಟೆಲಿನ ಹೊಸ್ತಿಲೊಳಗೆ ಹ್ಯಾಮ್ ಬರಲೇಕೂಡದು.

ಸುರಕ್ಷಿತತೆಯ ಮಾತೂ ಉಂಟು. ಹ್ಯಾಮನ್ನು 5 ಡಿಗ್ರಿಗಿಂತ ಕೆಳಗೆ ಶೀತಪೆಟ್ಟಿಗೆಯಲ್ಲಿಡಬೇಕು. ತುಂಬಿದ ಲಾದಿಯನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಕೂಡದು. ಪುಣೆಯ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಒಂದು ತಾಸೂ ಹೆಚ್ಚೇ.

ದುಡಿಯುವವನ ಮನಸ್ಸು

ಗಿರಾಕಿಗಿರುವಂತೆ ದುಡಿಯುವವನಿಗೂ ಮನಸ್ಸಾಕ್ಷಿಯುಂಟು. ಕುಂದಾಪುರದಿಂದಲೋ ಕಾರ್ಕಳದಿಂದಲೋ ಬಂದ ಹುಡುಗ ಕ್ಯಾಂಪಿನ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಾಗ, ಹ್ಯಾಮ್ ಮುಟ್ಟಲು ಅಡ್ಡಿಯಿಲ್ಲವೇ ಎಂದು ಯಜಮಾನನು ಮೊದಲೇ ಕೇಳಬೇಕು. ಒಲ್ಲೆನೆಂದರೆ ಹಿಟ್ಟಿನ ಕೆಲಸಕ್ಕೋ ಚಹದ ಕೆಲಸಕ್ಕೋ ಹಚ್ಚಬಹುದು. ಒಪ್ಪಿದವನನ್ನು ಉಳಿದವರು ಹಾಸ್ಯಮಾಡಕೂಡದು. ಕೈಯ ಕಸುಬು ಬೇರೆ, ಮನೆಯ ಆಚಾರ ಬೇರೆ. ನಾನು ಗಲ್ಲದ ಮೇಲೆ ಕುಳಿತ ವರ್ಷಗಳಲ್ಲಿ ಕಂಡದ್ದಿಷ್ಟು: ಮೇಜು ಒರೆಸುವುದಷ್ಟೇ ತಿಳಿದವನಿಗೆ ಕೆಲಸ ಬಿಟ್ಟರೆ ಮತ್ತೊಂದು ಮೇಜೇ ಗತಿ. ಒಂದು ಕಸುಬು ಬಲ್ಲವನು ಸಂಬಳದ ಮಾತಾಡುವಾಗ ತಲೆಯೆತ್ತಿ ಮಾತಾಡುತ್ತಾನೆ.

ಕಚೇರಿಯ ಗುಮಾಸ್ತ ಬಂಧುಗಳಿಗೂ ಇದು ಉಪಯುಕ್ತ. ಕೋಣೆಯಲ್ಲಿ 1500 ವಾಟಿನ ಚಿಕ್ಕ ಓವನ್ನಿದ್ದರೆ ಆರು ಪಾವಿನ ತುಂಡು ಲಾದಿ ಅದರಲ್ಲಿ ಹಿಡಿಯುತ್ತದೆ. ಅಳತೆಯನ್ನು ಅರ್ಧ ಮಾಡಿಕೊಂಡರಾಯಿತು. ಕಾಯಿಸುವುದೂ ಸೇರಿ ಮೂವತ್ತೈದು ನಿಮಿಷಕ್ಕೆ ಒಂದು ಯೂನಿಟ್ಟಿಗೂ ಕಡಿಮೆ ವಿದ್ಯುತ್ತು. ಕಾದ ಓವನ್ನಿನಲ್ಲಿಯೇ ಎರಡನೆಯ ತಟ್ಟೆಯನ್ನಿಟ್ಟರೆ ಮೊದಲ ಹದಿನೈದು ನಿಮಿಷದ ಖರ್ಚೂ ಉಳಿಯುತ್ತದೆ. ರವಿವಾರ ಸಂಜೆ ಊರಿನ ನಾಲ್ಕು ಮಂದಿ ಕೂಡಿದಾಗ ಬಟಾಟೆಯ ತಟ್ಟೆಯನ್ನು ಮೊದಲಿಡಿ, ಹ್ಯಾಮಿನದನ್ನು ಆಮೇಲೆ. ಯಾರ ತಟ್ಟೆ ಯಾವುದೆಂದು ಕುಳಿತವರಿಗೆಲ್ಲ ತಿಳಿದಿರಲಿ.