ಹಕ್ಕುಚ್ಯುತಿ ಮತ್ತು ಸದನ ಸಮಿತಿಗಳ ಗೋಪ್ಯತೆ

ಸಂಸತ್ತು ಹಾಗೂ ರಾಜ್ಯ ಶಾಸನಸಭೆಗಳು, ಅವುಗಳ ಸಮಿತಿಗಳು ಮತ್ತು ಸದಸ್ಯರು ನಿರ್ಭೀತಿಯಿಂದ ಕರ್ತವ್ಯ ನಿರ್ವಹಿಸಲು ಹೊಂದಿರುವ ವಿಶೇಷ ಹಕ್ಕುಗಳ ಉಲ್ಲಂಘನೆಯನ್ನು ಹಕ್ಕುಚ್ಯುತಿ ಎನ್ನುತ್ತಾರೆ. ಸದನದಲ್ಲಿ ಮಂಡನೆಯಾಗುವ ಮೊದಲೇ ಸಮಿತಿಯ ವರದಿಯನ್ನು ಬಹಿರಂಗಪಡಿಸುವುದೂ ಇದರಲ್ಲಿ ಸೇರುತ್ತದೆ.

ಸಾಂವಿಧಾನಿಕ ಆಧಾರ

ಭಾರತ ಸಂವಿಧಾನದ 105ನೆಯ ಅನುಚ್ಛೇದವು ಸಂಸತ್ತಿನ ಹಕ್ಕುಗಳನ್ನೂ 194ನೆಯ ಅನುಚ್ಛೇದವು ರಾಜ್ಯ ಶಾಸನಸಭೆಗಳ ಹಕ್ಕುಗಳನ್ನೂ ಹೇಳುತ್ತವೆ. ಸದನದೊಳಗಿನ ಮಾತು ಮತ್ತು ಮತದಾನಕ್ಕೆ ಇವು ನೇರ ರಕ್ಷಣೆ ನೀಡುತ್ತವೆ. ಉಳಿದ ಹಕ್ಕುಗಳನ್ನು ಕಾನೂನಿನ ಮೂಲಕ ನಿರೂಪಿಸಬೇಕೆಂದಿದ್ದರೂ ಅಂತಹ ಸಮಗ್ರ ಕಾನೂನು ರಚನೆಯಾಗಿಲ್ಲ. ಅಲ್ಲಿಯವರೆಗೆ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನ ಹಕ್ಕುಗಳೇ ಅನ್ವಯಿಸುತ್ತವೆ ಎಂದು ಮೂಲ ಸಂವಿಧಾನದಲ್ಲಿತ್ತು. 1978ರ 44ನೆಯ ತಿದ್ದುಪಡಿ ಆ ಹೆಸರನ್ನು ತೆಗೆದುಹಾಕಿತಾದರೂ ಅದುವರೆಗೆ ಇದ್ದ ಹಕ್ಕುಗಳನ್ನು ಹಾಗೆಯೇ ಉಳಿಸಿತು. ಸದನದ ಕಲಾಪಗಳ ಸತ್ಯನಿಷ್ಠ ವರದಿಗೆ ರಕ್ಷಣೆ ನೀಡುವ 361ಎ ಅನುಚ್ಛೇದವೂ ಅದೇ ತಿದ್ದುಪಡಿಯಿಂದ ಸೇರಿತು.

ಸಮಿತಿ ವರದಿಗಳ ಗೋಪ್ಯತೆ

ಲೋಕಸಭೆಯ ಕಾರ್ಯವಿಧಾನ ನಿಯಮ 275ರ ಪ್ರಕಾರ, ಸಮಿತಿಯ ಮುಂದೆ ನುಡಿದ ಸಾಕ್ಷ್ಯ, ಅದರ ನಡಾವಳಿ ಮತ್ತು ವರದಿಯನ್ನು ಸದನದಲ್ಲಿ ಮಂಡಿಸುವವರೆಗೆ ಸ್ಪೀಕರ್ ಅವರ ಅನುಮತಿಯಿಲ್ಲದೆ ಯಾರೂ ನೋಡುವಂತಿಲ್ಲ. ಸಾಕ್ಷಿಗಳು ಮುಕ್ತವಾಗಿ ಮಾತನಾಡಬೇಕು, ಸದಸ್ಯರು ಪಕ್ಷಭೇದ ಮರೆತು ಚರ್ಚಿಸಬೇಕು, ವರದಿ ಮೊದಲು ಸದನಕ್ಕೆ ತಲುಪಬೇಕು ಎಂಬುದು ಇದರ ಉದ್ದೇಶ. ಆದರೂ 2ಜಿ ತರಂಗಾಂತರ ಹಂಚಿಕೆ ಕುರಿತ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕರಡು ವರದಿ 2011ರಲ್ಲಿಯೂ, ಜಂಟಿ ಸಂಸದೀಯ ಸಮಿತಿಯ ಕರಡು 2013ರಲ್ಲಿಯೂ ಅಂಗೀಕಾರಕ್ಕೆ ಮೊದಲೇ ಪತ್ರಿಕೆಗಳಿಗೆ ಸೋರಿಕೆಯಾದವು.

ಕರ್ನಾಟಕದ 2017ರ ಪ್ರಕರಣ

ಪತ್ರಿಕೆಗಳ ವಿರುದ್ಧ ಇದೇ ಅಧಿಕಾರವು ಕರ್ನಾಟಕದಲ್ಲಿ ಪ್ರಯೋಗವಾದದ್ದು ಸೋರಿಕೆಗಾಗಿ ಅಲ್ಲ, ಶಾಸಕರ ಕುರಿತ ಬರಹಗಳಿಗಾಗಿ. ಬೆಂಗಳೂರಿನ ಪದ್ಮನಾಭನಗರದಿಂದ ಪ್ರಕಟವಾಗುತ್ತಿದ್ದ ‘ಹಾಯ್ ಬೆಂಗಳೂರ್!’ ವಾರಪತ್ರಿಕೆಯ ಸಂಪಾದಕ ರವಿ ಬೆಳಗೆರೆ ಹಾಗೂ ‘ಯಲಹಂಕ ವಾಯ್ಸ್’ ಪತ್ರಿಕೆಯ ಸಂಪಾದಕರಿಗೆ ವಿಧಾನಸಭೆಯು 2017ರ ಜೂನ್ 21ರಂದು ತಲಾ ಒಂದು ವರ್ಷ ಸೆರೆವಾಸ ಮತ್ತು 10,000 ರೂಪಾಯಿ ದಂಡ ವಿಧಿಸಿತು. ಹಕ್ಕುಬಾಧ್ಯತಾ ಸಮಿತಿಯ ಶಿಫಾರಸಿನಂತೆ ತೀರ್ಮಾನವನ್ನು ಪ್ರಕಟಿಸಿದ ಸ್ಪೀಕರ್ ಕೆ. ಬಿ. ಕೋಳಿವಾಡ ಅವರು ದೂರು ನೀಡಿದ್ದ ಶಾಸಕರಲ್ಲಿ ಒಬ್ಬರಾಗಿದ್ದರು. ಸಂಪಾದಕರು ಹೈಕೋರ್ಟ್ ಮೊರೆಹೋದರು. ಅದೇ ವರ್ಷದ ನವೆಂಬರಿನಲ್ಲಿ ಸದನವು ತನ್ನ ತೀರ್ಮಾನವನ್ನು ಎತ್ತಿಹಿಡಿಯಿತು.

ವಿಮರ್ಶೆ

ದೂರುದಾರರ ಸದನವೇ ವಿಚಾರಣೆ ನಡೆಸಿ ಶಿಕ್ಷೆ ವಿಧಿಸುವುದು ಸಹಜ ನ್ಯಾಯಕ್ಕೆ ಹೊಂದುವುದಿಲ್ಲ, ಮಾನಹಾನಿಯಾದರೆ ನ್ಯಾಯಾಲಯಗಳಿವೆ ಎಂಬುದು ಟೀಕಾಕಾರರ ವಾದ. ಕಾನೂನು ರಚಿಸಿದರೆ ಅದು ನ್ಯಾಯಾಲಯಗಳ ಪರಿಶೀಲನೆಗೆ ಒಳಪಟ್ಟು ಸದನದ ಸ್ವಾತಂತ್ರ್ಯ ಕುಗ್ಗುತ್ತದೆ ಎಂಬುದು ಇನ್ನೊಂದು ಪಕ್ಷ. ಸರ್ವೋಚ್ಚ ನ್ಯಾಯಾಲಯವು 1958ರ ‘ಸರ್ಚ್‌ಲೈಟ್’ ಪತ್ರಿಕೆಯ ಪ್ರಕರಣದಲ್ಲಿ ವಾಕ್ಸ್ವಾತಂತ್ರ್ಯಕ್ಕಿಂತ ಸದನದ ಹಕ್ಕನ್ನು ಮೇಲಾಗಿಸಿತ್ತು. 1964ರ ಕೇಶವ ಸಿಂಗ್ ಪ್ರಕರಣದಲ್ಲಿ, ಸದನವು ವಿಧಿಸಿದ ಸೆರೆವಾಸವನ್ನು ನ್ಯಾಯಾಲಯಗಳು ಪರಿಶೀಲಿಸಬಹುದೆಂದು ಅಭಿಪ್ರಾಯಪಟ್ಟಿತು. ಹಕ್ಕುಗಳು ಕಾನೂನಿನಲ್ಲಿ ನಿರೂಪಿತವಾಗದೆ ಇರುವುದರಿಂದ, ಯಾವ ಬರಹ ಹಕ್ಕುಚ್ಯುತಿಯಾಗುತ್ತದೆ ಎಂಬುದನ್ನು ಪತ್ರಕರ್ತರು ಮುಂಚಿತವಾಗಿ ತಿಳಿಯುವುದು ಇಂದಿಗೂ ಕಷ್ಟ.