ಶೇರ್‌ಕ್ರಾಪರ್ (ಲಿನೋಕಟ್)

ಶೇರ್‌ಕ್ರಾಪರ್ ಎಂಬುದು ಅಮೆರಿಕ ಮೂಲದ ಮೆಕ್ಸಿಕೋ ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ (1915–2012) ಅವರು 1952ರಲ್ಲಿ ರಚಿಸಿದ ಲಿನೋಕಟ್ ಮುದ್ರಣಚಿತ್ರ. ಅನ್ಯರ ಹೊಲದಲ್ಲಿ ಪಾಲಿಗೆ ದುಡಿಯುವ ಕಪ್ಪು ಜನಾಂಗದ ವೃದ್ಧ ರೈತ ಮಹಿಳೆಯ ಭಾವಚಿತ್ರ ಇದಾಗಿದೆ. ಇಪ್ಪತ್ತನೆಯ ಶತಮಾನದ ಮುದ್ರಣಕಲೆಯಲ್ಲಿ ಹೆಚ್ಚು ಪರಿಚಿತವಾದ ಸ್ತ್ರೀ ಭಾವಚಿತ್ರಗಳಲ್ಲಿ ಇದೂ ಒಂದು.

ಹೆಸರಿನ ಅರ್ಥ

'ಶೇರ್‌ಕ್ರಾಪರ್' ಎಂದರೆ ಪಾಲು ಸಾಗುವಳಿ ಮಾಡುವ ರೈತ ಅಥವಾ ರೈತ ಮಹಿಳೆ. ಕನ್ನಡದಲ್ಲಿ 'ಕೋರು' ಅಥವಾ 'ವಾರ' ಎಂದು ಕರೆಯುವ ಪದ್ಧತಿಗೆ ಇದು ಬಹಳ ಹತ್ತಿರವಾದುದು. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದಾಗ ಬಿಡುಗಡೆಗೊಂಡವರಿಗೆ ಸ್ವಾತಂತ್ರ್ಯ ದೊರೆಯಿತೇ ಹೊರತು ಭೂಮಿ ದೊರೆಯಲಿಲ್ಲ. ಅವರಲ್ಲಿ ಬಹುಪಾಲು ಜನ ಹಳೆಯ ಒಡೆಯರ ಹತ್ತಿ ಹೊಲಗಳಲ್ಲಿಯೇ ಪಾಲಿಗೆ ದುಡಿಯಬೇಕಾಯಿತು. ಬೀಜ, ಉಪಕರಣ, ದಿನಸಿ ಎಲ್ಲವೂ ಸಾಲದ ರೂಪದಲ್ಲಿ ಬರುತ್ತಿದ್ದವು. ಸುಗ್ಗಿಯಲ್ಲಿ ಲೆಕ್ಕ ನೋಡಿದಾಗ ರೈತನ ಪಾಲು ಸಾಲಕ್ಕೇ ಸಂದು ಹೋಗುತ್ತಿತ್ತು. ಲೆಕ್ಕದ ಪುಸ್ತಕ ಇರುತ್ತಿದ್ದುದು ಒಡೆಯನ ಕೈಯಲ್ಲಿ ಎಂಬುದನ್ನು ಮರೆಯುವಂತಿಲ್ಲ. ಕರ್ನಾಟಕದಲ್ಲಿ ಭೂಸುಧಾರಣಾ ತಿದ್ದುಪಡಿ ಕಾಯಿದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನು ರದ್ದುಪಡಿಸಿತು. ಅದಕ್ಕೆ ಹಿಂದಿನ ಕಾಲವನ್ನು ಬಲ್ಲ ಕನ್ನಡಿಗರಿಗೆ ಈ ಚಿತ್ರದ ಸ್ತ್ರೀ ಅಪರಿಚಿತಳೆನಿಸಲಾರಳು.

ಚಿತ್ರದ ವಿವರ

ಮುದ್ರಿತ ಭಾಗವು ಸುಮಾರು 45 ಸೆಂ.ಮೀ. ಎತ್ತರ ಹಾಗೂ 43 ಸೆಂ.ಮೀ. ಅಗಲವಿದೆ. ತಲೆ ಮತ್ತು ಭುಜಗಳು ಮಾತ್ರ ಕಾಣುತ್ತವೆ; ಹೊಲವಾಗಲಿ, ಹತ್ತಿಯಾಗಲಿ, ಮನೆಯಾಗಲಿ ಇಲ್ಲ. ಅಗಲವಾದ ಅಂಚಿನ ಹುಲ್ಲಿನ ಟೋಪಿ ಮುಖದ ಸುತ್ತ ಪ್ರಭಾವಳಿಯಂತೆ ಹರಡಿದೆ. ಟೋಪಿಯ ಕೆಳಗೆ ನರೆತ ಕೂದಲು, ಎದ್ದು ಕಾಣುವ ಕೆನ್ನೆಯ ಮೂಳೆ, ನರಗಳು ಬಿಗಿದ ಕತ್ತು. ಮೇಲಂಗಿಗೆ ಗುಂಡಿಯಿಲ್ಲ, ಅದನ್ನು ಒಂದು ಸೇಫ್ಟಿ ಪಿನ್ನಿನಿಂದ ಕೂಡಿಸಲಾಗಿದೆ. ಬಡತನವನ್ನು ಹೇಳಲು ಕಲಾವಿದೆ ಬಳಸಿರುವ ವಸ್ತುಗಳಲ್ಲಿ ಈ ಪಿನ್ನು ಎಲ್ಲಕ್ಕಿಂತ ಚಿಕ್ಕದು, ಪರಿಣಾಮದಲ್ಲಿ ದೊಡ್ಡದು.

ನೋಡುಗನ ದೃಷ್ಟಿಯನ್ನು ತುಸು ಕೆಳಗಿನಿಂದ ಮೇಲಕ್ಕೆ ಇರಿಸಲಾಗಿದೆ. ಅರಸರ, ಸೇನಾನಿಗಳ ಚಿತ್ರಗಳಲ್ಲಿ ಬಳಕೆಯಾಗುತ್ತಿದ್ದ ಈ ಕೋನವನ್ನು ಕ್ಯಾಟ್ಲೆಟ್ ಕೂಲಿಯ ಹೆಂಗಸಿಗೆ ಕೊಟ್ಟರು. ಆಕೆ ನೋಡುಗನನ್ನು ನೋಡುತ್ತಿಲ್ಲ, ಕರುಣೆಯನ್ನು ಬೇಡುತ್ತಲೂ ಇಲ್ಲ.

ತಂತ್ರ

ಲಿನೋಲಿಯಂ ಮೂಲತಃ ನೆಲಹಾಸಿನ ವಸ್ತು. ಗಟ್ಟಿಗೊಳಿಸಿದ ಅಗಸೆ ಎಣ್ಣೆಗೆ ಬೆಂಡಿನ ಪುಡಿಯನ್ನು ಬೆರೆಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಇದನ್ನು ತಯಾರಿಸುತ್ತಾರೆ. ಮರದಂತೆ ಇದಕ್ಕೆ ಎಳೆಯ ದಿಕ್ಕು ಇಲ್ಲದಿರುವುದರಿಂದ ಉಳಿ ಯಾವ ಕಡೆಗಾದರೂ ಸಲೀಸಾಗಿ ಹರಿಯುತ್ತದೆ. ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ಕೊರೆದು ತೆಗೆಯಲಾಗುತ್ತದೆ. ಉಳಿದ ಉಬ್ಬು ಭಾಗಕ್ಕೆ ರೋಲರಿನಿಂದ ಮಸಿ ಹಚ್ಚಿ ಕಾಗದ ಒತ್ತಲಾಗುತ್ತದೆ. ಅಚ್ಚಿನಲ್ಲಿ ಎಡಕ್ಕಿರುವುದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಯಂತ್ರವಿಲ್ಲದಿದ್ದರೆ ಚಮಚದ ಬೆನ್ನಿನಿಂದ ಉಜ್ಜಿಯೂ ಪ್ರತಿ ತೆಗೆಯಬಹುದು. ತಪ್ಪಾಗಿ ಕೊರೆದ ಗೆರೆಯನ್ನು ಮಾತ್ರ ಮರಳಿ ತುಂಬುವುದು ಸುಲಭವಲ್ಲ.

ಈ ಚಿತ್ರದಲ್ಲಿ ಮುಖದ ಮೇಲಿನ ಬೆಳಕೆಲ್ಲವೂ ಚಿಕ್ಕ ಚಿಕ್ಕ ಸಮಾನಾಂತರ ಉಳಿಗೆರೆಗಳಿಂದ ಮೂಡಿದೆ. ಟೋಪಿಯ ಹೆಣಿಗೆ, ಚರ್ಮದ ಸುಕ್ಕು, ಬಟ್ಟೆಯ ಒರಟುತನ ಇವು ಮೂರನ್ನೂ ಗೆರೆಗಳ ದಿಕ್ಕು ಬದಲಿಸಿಯೇ ಬೇರ್ಪಡಿಸಲಾಗಿದೆ. ಕ್ಯಾಟ್ಲೆಟ್ ಮೊದಲಿಗೆ ಶಿಲ್ಪಿ ಎಂಬುದು ಇಲ್ಲಿ ತಿಳಿಯುತ್ತದೆ. ಕಪ್ಪು ಬಿಳುಪಿನ ಪ್ರತಿಗಳಲ್ಲದೆ 1970ರ ಹೊತ್ತಿಗೆ ಮುದ್ರಿಸಿದ ವರ್ಣಪ್ರತಿಗಳೂ ಇವೆ. ಅವುಗಳಲ್ಲಿ ಮೇಲಂಗಿ ಹಸಿರು, ಮುಖ ಕಂದು.

ಕಲಾವಿದೆ ಮತ್ತು ಹಿನ್ನೆಲೆ

ಗುಲಾಮರಾಗಿದ್ದವರ ಮೊಮ್ಮಗಳಾದ ಕ್ಯಾಟ್ಲೆಟ್ ವಾಷಿಂಗ್ಟನ್‌ನಲ್ಲಿ ಜನಿಸಿದರು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, 1940ರಲ್ಲಿ ಅಯೋವಾದಲ್ಲಿ ಶಿಲ್ಪಕಲೆಯ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿ ಗುರುವಾಗಿದ್ದ ಚಿತ್ರಕಾರ ಗ್ರಾಂಟ್ ವುಡ್, ತಾನು ಚೆನ್ನಾಗಿ ಬಲ್ಲುದನ್ನೇ ಚಿತ್ರಿಸುವಂತೆ ಸಲಹೆ ನೀಡಿದರು. 1946ರಲ್ಲಿ ರೋಸೆನ್‌ವಾಲ್ಡ್ ನಿಧಿಯ ವಿದ್ಯಾರ್ಥಿವೇತನದ ಮೇಲೆ ಮೆಕ್ಸಿಕೋಗೆ ತೆರಳಿ, 1937ರಲ್ಲಿ ಸ್ಥಾಪಿತವಾಗಿದ್ದ 'ತಾಯೆರ್ ದೆ ಗ್ರಾಫಿಕಾ ಪೊಪುಲಾರ್' ಎಂಬ ಜನಪರ ಮುದ್ರಣಾಲಯವನ್ನು ಸೇರಿದರು. ಕೂಲಿಕಾರರಿಗೂ ರೈತರಿಗೂ ಅರ್ಥವಾಗುವ, ಕಡಿಮೆ ಬೆಲೆಯ ಚಿತ್ರಗಳನ್ನು ಹಂಚುವುದು ಅದರ ಧ್ಯೇಯ; ಲಿನೋಲಿಯಂ ಅದಕ್ಕೆ ಒದಗಿದ ಅಗ್ಗದ ಸಾಧನ. ಕಪ್ಪು ಮಹಿಳೆಯರ ಬದುಕನ್ನು ಕುರಿತ 15 ಲಿನೋಕಟ್‌ಗಳ ಮಾಲಿಕೆಯನ್ನು ಅವರು 1946–47ರಲ್ಲಿ ಇಲ್ಲಿಯೇ ರಚಿಸಿದರು. ಶೇರ್‌ಕ್ರಾಪರ್ ಆ ಮಾಲಿಕೆಯ ಮುಂದುವರಿಕೆಯಂತಿದೆ.

1962ರಲ್ಲಿ ಅವರು ಮೆಕ್ಸಿಕೋ ಪೌರತ್ವ ಪಡೆದರು. ಈ ಮುದ್ರಣಾಲಯದ ಎಡಪಂಥೀಯ ಸಂಬಂಧದ ಕಾರಣದಿಂದ ಅಮೆರಿಕ ಸರ್ಕಾರ ಅವರನ್ನು 'ಅನಪೇಕ್ಷಿತ ವಿದೇಶಿ' ಎಂದು ಪರಿಗಣಿಸಿ ಪ್ರವೇಶ ನಿರಾಕರಿಸಿತು. ಹುಟ್ಟಿದ ನಾಡಿಗೆ ಬರಲು ಅನುಮತಿ ಸಿಕ್ಕಿದ್ದು 1971ರಲ್ಲಿ, ಹಾರ್ಲೆಮ್‌ನ ಸ್ಟುಡಿಯೋ ಮ್ಯೂಸಿಯಂನಲ್ಲಿ ಅವರದೇ ಕೃತಿಗಳ ಪ್ರದರ್ಶನವಿದ್ದಾಗ. ಕಲಾವಿದೆಗೆ ಮುಚ್ಚಿದ್ದ ಗಡಿ ಕಾಗದದ ಪ್ರತಿಗಳಿಗೆ ಮುಚ್ಚಿರಲಿಲ್ಲ. ಅಮೆರಿಕದ ಪೌರತ್ವ ಅವರಿಗೆ ಮರಳಿ ದೊರೆತಾಗ 2002 ಆಗಿತ್ತು.

ಪ್ರತಿಗಳು

ಒಂದೇ ಅಚ್ಚಿನಿಂದ ಹಲವು ಪ್ರತಿ ಬರುವುದರಿಂದ ಈ ಚಿತ್ರಕ್ಕೆ 'ಏಕೈಕ ಮೂಲ' ಎಂಬುದಿಲ್ಲ. ನ್ಯೂಯಾರ್ಕ್‌ನ ಆಧುನಿಕ ಕಲಾ ವಸ್ತುಸಂಗ್ರಹಾಲಯ, ಷಿಕಾಗೋ ಕಲಾಸಂಸ್ಥೆ ಮೊದಲಾದೆಡೆ ಪ್ರತಿಗಳಿವೆ. ಭಾರತದ ಓದುಗರು ಇದನ್ನು ನಂದಲಾಲ್ ಬೋಸರು 1930ರಲ್ಲಿ ರಚಿಸಿದ, ಕೋಲು ಹಿಡಿದು ನಡೆಯುವ ಗಾಂಧೀಜಿಯ ಲಿನೋಕಟ್‌ನೊಂದಿಗೆ ಇಟ್ಟು ನೋಡಬಹುದು. ಕ್ಯಾಟ್ಲೆಟ್ ಹುಟ್ಟಿದ ವರ್ಷವೇ ಹುಟ್ಟಿದ ಬಂಗಾಳದ ಚಿತ್ತಪ್ರಸಾದ್ ಅವರೂ ದುಡಿಯುವ ಮಕ್ಕಳನ್ನು ಇದೇ ಮಾಧ್ಯಮದಲ್ಲಿ ಚಿತ್ರಿಸಿದ್ದಾರೆ.